ಮೂವರು ಅತ್ತೆಯರ ಗುಳಿಗೆ

ನನ್ನ ಮದುವೆಯಲ್ಲಿ ಉಡುಗೊರೆಯಾಗಿ ಬಂದ ಮಿಕ್ಸರ್ ವರ್ಷ ತುಂಬುವ ಮೊದಲೇ ಸುಟ್ಟುಹೋಯಿತು. ಕಪಾಟಿನ ಬಾಗಿಲು ಮೊದಲ ಮಳೆಗಾಲಕ್ಕೇ ಬಿಗಿದುಕೊಂಡಿತು. ಗಂಡ ಅದಕ್ಕಿಂತ ಸ್ವಲ್ಪ ಹೆಚ್ಚು ಬಾಳಿಕೆ ಬಂದ, ಆಮೇಲೆ ಅವನೂ ಹೋದ. ಆ ಮದುವೆಯಿಂದ ನನ್ನ ಹತ್ತಿರ ಗಟ್ಟಿಯಾಗಿ ಉಳಿದದ್ದು ಒಂದೇ ಒಂದು. ಅದು ಉಳಿದಿದೆ ಎಂದು ನನಗೆ ಗೊತ್ತಾಗಿದ್ದು 2014ರಲ್ಲಿ, ವಿಶಾಖಪಟ್ಟಣದಲ್ಲಿ, ಬೆನ್ನ ಮೇಲೆ ಸರ್ಪಸುತ್ತು ಎದ್ದಾಗ.

ಆಗ ನಾನು ಧಾರವಾಡದಿಂದ ವರ್ಗವಾಗಿ ಬಂದು ಬಂದರಿನ ಹತ್ತಿರದ ಬ್ಯಾಂಕ್ ಶಾಖೆಯೊಂದರಲ್ಲಿ ಅಧಿಕಾರಿಯಾಗಿದ್ದೆ. ಡೈವೋರ್ಸ್ ಆಗಿ ಕೆಲ ವರ್ಷ ಕಳೆದಿದ್ದವು. ಜೊತೆಗೆ ಅವ್ವ ಇದ್ದಳು. ಅಪ್ಪ ತೀರಿಕೊಂಡ ಮೇಲೆ ಅವ್ವನಿಗೆ ಹೆದರುವವರೂ ಇರಲಿಲ್ಲ, ಅವ್ವ ಹೆದರುವವರೂ ಇರಲಿಲ್ಲ. ಸರ್ಪಸುತ್ತಿಗೆ ಕೆಮ್ಮಣ್ಣು ಹಚ್ಚಿ, ಹೆಡೆ ಬಾಲ ಕೂಡದಂತೆ ಗೆರೆ ಎಳೆದು, ‘ಇನ್ನೇನೂ ಆಗಂಗಿಲ್ಲ’ ಎಂದು ಆಕೆ ತೀರ್ಪು ಕೊಟ್ಟಳು. ಉರಿ ತಡೆಯಲಾರದೆ ನಾನು ಚರ್ಮದ ಡಾಕ್ಟರ ಹತ್ತಿರ ಹೋದೆ. ಅವರು ಕೆಮ್ಮಣ್ಣನ್ನು ನೋಡಿ ನಕ್ಕರು. ಗುಳ್ಳೆಗಳನ್ನು ನೋಡಿ ನಗಲಿಲ್ಲ. ಈ ವಯಸ್ಸಿಗೆ ಇಷ್ಟು ಜೋರಾಗಿ ಬರಬಾರದು, ಒಂದು ರಕ್ತ ಪರೀಕ್ಷೆ ಮಾಡಿಸಿ ಎಂದರು.

ಸರ್ಕಾರಿ ಆಸ್ಪತ್ರೆಯ ಪರೀಕ್ಷಾ ಕೇಂದ್ರದಲ್ಲಿ ಫಲಿತಾಂಶ ಹೇಳುವ ಆಪ್ತ ಸಲಹೆಗಾರ್ತಿ ಬಾಯಿ ತೆರೆಯುವ ಮೊದಲೇ ನೀರಿನ ಲೋಟವನ್ನು ನನ್ನ ಕಡೆ ಸರಿಸಿದಳು. ಬ್ಯಾಂಕಿನಲ್ಲಿ ಸಾಲ ಇಲ್ಲ ಎಂದು ಹೇಳುವ ಮುನ್ನ ನಾವೂ ಹಾಗೆಯೇ ನೀರು ತರಿಸುತ್ತೇವೆ. ಹಾಗಾಗಿ ಎಚ್‌ಐವಿ ಇದೆ ಎಂಬುದು ನನಗೆ ಲೋಟದಿಂದಲೇ ತಿಳಿಯಿತು. ಆಕೆ ಮೆತ್ತಗಿನ ದನಿಯಲ್ಲಿ ಬಹಳ ಹೊತ್ತು ಮಾತಾಡಿದಳು. ನಾನು ಆಕೆಯ ಹಿಂದಿದ್ದ ಪೋಸ್ಟರ್ ನೋಡುತ್ತ ಕುಳಿತಿದ್ದೆ. ಅದರಲ್ಲಿ ಗಂಡ ಹೆಂಡತಿ ಮಗು ಮೂವರೂ ಹಲ್ಲುಪುಡಿಯ ಜಾಹೀರಾತಿನವರ ಹಾಗೆ ನಗುತ್ತಿದ್ದರು.

ಹೊರಗೆ ಬಂದಾಗ ನನಗೆ ಹಸಿವಾಯಿತು. ಇಂಥ ಸುದ್ದಿ ಕೇಳಿದ ಮೇಲೆ ಹಸಿವಾಗುತ್ತದೆಂದು ಯಾರೂ ಹೇಳಿರಲಿಲ್ಲ. ರಸ್ತೆ ಬದಿಯಲ್ಲಿ ಬಿಸಿ ಪುನುಗುಲು ಕರಿಯುತ್ತಿದ್ದರು, ದೋಸೆ ಹಿಟ್ಟಿನ ಆ ಪುಟ್ಟ ಉಂಡೆಗಳು. ಒಂದು ಪ್ಲೇಟು ತೆಗೆದುಕೊಂಡು ನಿಂತಲ್ಲೇ ತಿನ್ನತೊಡಗಿದೆ. ಎರಡನೆಯದು ಬಾಯಲ್ಲಿರುವಾಗ ಅಳು ನುಗ್ಗಿ ಬಂತು. ಗಾಡಿಯವನು ಗಾಬರಿಯಾಗಿ ಚಟ್ನಿಯ ಪಾತ್ರೆಯನ್ನೇ ಅಪರಾಧಿಯ ಹಾಗೆ ನೋಡಿ, “ಕಾರಂ ಎಕ್ಕುವಯ್ಯಿಂದಾ ಅಮ್ಮಾ?” ಎಂದ. ಹೌದಪ್ಪ, ಖಾರ ಜಾಸ್ತಿಯಾಯಿತು ಎಂದೆ. ಪಾಪ, ಸಕ್ಕರೆ ತಂದುಕೊಟ್ಟ.

ಅವ್ವನಿಗೆ ಹೇಗೆ ಹೇಳುವುದೆಂದು ದಾರಿಯುದ್ದಕ್ಕೂ ಪೀಠಿಕೆ ಕಟ್ಟಿದೆ. ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಎಲ್ಲಾ ಒದರಿಬಿಟ್ಟೆ. ಅವ್ವ ಕೈಯಲ್ಲಿದ್ದ ಬದನೆಕಾಯಿಯನ್ನು ಕೆಳಗಿಟ್ಟಳು.

“ಆ ಬೇಕೂಫನಿಂದನಽ?” ಎಂದಳು.

“ಮತ್ಯಾರಿಂದ ಬರ್ತೈತೆವ್ವಾ? ನನ್ನ ಜೀವನದಾಗ ಬ್ಯಾರೆ ಯಾರಿದ್ರು?”

ಅವ್ವ ಒಳಗೆ ಹೋದಳು. ಅಳಲು ಹೋದಳೆಂದುಕೊಂಡೆ. ನೋಡಿದರೆ ರೊಟ್ಟಿ ಬಡಿಯುತ್ತಿದ್ದಳು. ಪಕ್ಕದಲ್ಲಿ ಚೀಲ ತೆರೆದಿತ್ತು, ಎರಡು ಸೀರೆ ಅದರೊಳಗೆ ಬಿದ್ದಿದ್ದವು.

“ಎಲ್ಲಿಗೆ?”

“ಹುಬ್ಬಳ್ಳಿಗಿ. ಅವಗ ಹೊಡದು ಬರ್ತೀನಿ.”

“ಅದಕ್ಕ ರೊಟ್ಟಿ ಯಾಕ?”

“ಹೊಡಿಯಾಕ ಹೋಗೋರು ಉಪವಾಸ ಹೋಗಬೇಕಂತ ಯಾವ ಶಾಸ್ತ್ರದಾಗ ಬರದೈತಿ?”

ಆಮೇಲೆ ಇಬ್ಬರೂ ಆ ರೊಟ್ಟಿಗಳನ್ನು ಎಣ್ಣೆಗಾಯಿಯ ಜೊತೆ ತಿಂದೆವು. ತಿನ್ನುತ್ತಲೇ ಅವ್ವ ಅತ್ತಳು. ಮೂಗು ಒರೆಸಿಕೊಂಡು, “ಇದಕ್ಕ ಔಷಧ ಐತೇನು?” ಎಂದು ಕೇಳಿದಳು. ಇದೆಯಂತೆ, ದಿನಾ ತಗೋಬೇಕಂತೆ, ಸಾಯುವ ತನಕ ಎಂದೆ. “ಅಷ್ಟನಽ? ನಾ ಬಿಪಿ ಗುಳಿಗಿ ತಗೋಳಾಕತ್ತು ಎಷ್ಟು ವರ್ಷಾತು, ನಾನೇನು ಪತ್ರಿಕ್ಯಾಗ ಹಾಕ್ಸೀನೇನು?” ಎಂದಳು.

ಔಷಧಿ ಶುರು ಮಾಡುವ ಮೊದಲು ಮನೆಯವರೊಬ್ಬರನ್ನು ಕರೆದುಕೊಂಡು ಬರಬೇಕೆಂಬುದು ಎ.ಆರ್.ಟಿ. ಕೇಂದ್ರದ, ಅಂದರೆ ಎಚ್‌ಐವಿ ಔಷಧಿ ಕೊಡುವ ಸರ್ಕಾರಿ ಕೇಂದ್ರದ, ನಿಯಮ. ಗುಳಿಗೆ ತಪ್ಪಿಸದ ಹಾಗೆ ನೋಡಿಕೊಳ್ಳಲು ಜೊತೆಗೊಬ್ಬರು ಇರಲಿ ಎಂದು. ಅವ್ವ ಧರ್ಮಸ್ಥಳಕ್ಕೆ ಹೊರಟವಳಂತೆ ಇಳಕಲ್ ಸೀರೆ ಉಟ್ಟು ಬಂದಳು. ಅಲ್ಲಿನ ಸಲಹೆಗಾರನ ಮೇಜಿನ ಮೇಲೆ ಕಾಂಡೋಮ್ ಹಾಕುವುದನ್ನು ತೋರಿಸಿಕೊಡುವ ಮರದ ಮಾದರಿಯೊಂದಿತ್ತು, ಪಾಲಿಶ್ ಹೊಡೆದು ಫಳಫಳ ಅನ್ನುತ್ತಿತ್ತು. ಅವ್ವ ಅದನ್ನು ಕೈಯಲ್ಲೇ ಎತ್ತಿಕೊಂಡಳು.

“ಇದೇನವಾ, ಇಷ್ಟು ಗಿಡ್ಡ ಲಟ್ಟಣಿಗಿ? ಇದರಾಗ ಚಪಾತಿ ಆಗ್ತಾವು?”

ಸಲಹೆಗಾರನಿಗೆ ಕನ್ನಡ ಬರುತ್ತಿರಲಿಲ್ಲ, ಆದರೆ ಅವ್ವ ಅದನ್ನು ಮೇಜಿನ ಮೇಲೆ ಉರುಳಿಸಿ ತೋರಿಸಿದಾಗ ಅವನಿಗೆ ಭಾಷೆ ಬೇಕಾಗಲಿಲ್ಲ. ಕೆಮ್ಮುತ್ತಾ ಹೊರಗೆ ಹೋದ. ನಾನು ಅವ್ವನ ಕಿವಿಯಲ್ಲಿ ವಿಷಯ ಹೇಳಿದೆ. ಆಕೆ ಮೆಲ್ಲಗೆ ಅದನ್ನು ಇದ್ದಲ್ಲೇ ಇಟ್ಟು, ಸೆರಗಿನಿಂದ ಕೈ ಒರೆಸಿಕೊಂಡು, “ಸರ್ಕಾರದವರು ಎಲ್ಲಾ ಮಾಡಿಟ್ಟಾರವಾ” ಎಂದಳು.

ಡಾಕ್ಟರು ತೆಲುಗಿನವರೇ, ಆದರೆ ಬಳ್ಳಾರಿಯಲ್ಲಿ ಓದಿದವರು. ಅವ್ವನ ಪುಣ್ಯಕ್ಕೆ ಕನ್ನಡದಲ್ಲೇ ವಿವರಿಸಿದರು. ನನ್ನ ರಕ್ತದಲ್ಲಿ ಸಿಡಿ-ಫೋರ್ ಎಂಬ ರಕ್ಷಣೆಯ ಕಣಗಳು ಇರಬೇಕಾದದ್ದಕ್ಕಿಂತ ಬಹಳ ಇಳಿದಿವೆ, ತಡ ಮಾಡದೆ ಔಷಧಿ ಶುರು ಮಾಡಬೇಕು ಎಂದರು. ಕೊಡುವುದು ಒಂದೇ ಗುಳಿಗೆ, ಒಳಗಿರುವುದು ಮಾತ್ರ ಮೂರು ಔಷಧಿ: ಟೆನೊಫೊವಿರ್, ಲ್ಯಾಮಿವುಡಿನ್, ಎಫಾವಿರೆಂಜ್.

“ಒಂದ್ ರೋಗಕ್ಕ ಮೂರ್ ಔಷಧ ಯಾಕ್ರೀ?” ಎಂದಳು ಅವ್ವ.

“ಅಮ್ಮಾ, ಈ ವೈರಸ್ಸು ದಿನವೂ ತನ್ನ ನಕಲು ಮಾಡ್ತಾನೇ ಇರುತ್ತೆ. ಮಾಡುವಾಗ ತಪ್ಪು ಮಾಡುತ್ತೆ, ರೂಪ ಬದಲಾಗುತ್ತೆ. ಒಂದೇ ಔಷಧಿ ಕೊಟ್ಟರೆ, ಆ ಬದಲಾದವುಗಳಲ್ಲಿ ಯಾವುದೋ ಒಂದಕ್ಕೆ ಅದು ನಾಟೋದಿಲ್ಲ. ಅದೇ ಬೆಳೆದು ಮೈತುಂಬಾ ಆಗುತ್ತೆ. ಮೂರೂ ಒಟ್ಟಿಗೇ ಇದ್ದರೆ ಮೂರನ್ನೂ ಒಂದೇ ಸಲ ತಪ್ಪಿಸಿಕೊಳ್ಳೋದು ಅದಕ್ಕೆ ಆಗೋದಿಲ್ಲ.”

ಅವ್ವ ತಲೆಯಾಡಿಸಿದಳು. “ತಿಳೀತ್ರಿ. ಒಬ್ಬಾಕಿ ಅತ್ತಿ ಇದ್ರ ಸೊಸಿ ಹ್ಯಾಂಗರ ಮಾಡಿ ಕಣ್ಣು ತಪ್ಪಿಸ್ತಾಳ. ಮೂರು ಮಂದಿ ಅತ್ತಿ ಕುಂತ್ರ, ಬಾಗಲಕ್ಕೊಬ್ಬಾಕಿ ಹಿತ್ತಲಕ್ಕೊಬ್ಬಾಕಿ ಅಡಗಿಮನಿಗೊಬ್ಬಾಕಿ, ಎಲ್ಲಿಗಂತ ಹೋದಾಳು?”

ಡಾಕ್ಟರು ಪೆನ್ನು ಕೆಳಗಿಟ್ಟು ಮನಸ್ಸು ಬಿಚ್ಚಿ ನಕ್ಕರು. ಆಮೇಲೆ ಗಂಭೀರವಾಗಿ, “ಆದರೆ ಸೊಸೆ ಸಾಯೋದಿಲ್ಲಮ್ಮಾ. ಮೈಯೊಳಗೆ ಎಲ್ಲೋ ಅಡಗಿ ಕೂತಿರ್ತಾಳೆ. ಗುಳಿಗೆ ನಿಂತ ದಿನ ಎದ್ದು ಬರ್ತಾಳೆ. ಅದಕ್ಕೇ ಎಂದೂ ನಿಲ್ಲಿಸಬಾರದು” ಎಂದರು. ಸೊಸೆಯಾಗಿ ಒಬ್ಬಳೇ ಅತ್ತೆಯನ್ನು ಸಹಿಸಲಾರದೆ ಬಂದವಳು ನಾನು. ಆದರೂ ಅಂದು ಮೊದಲ ಬಾರಿಗೆ ಅತ್ತೆಯರ ಪಕ್ಷ ಸೇರಿದೆ.

ಗುಳಿಗೆಯನ್ನು ಮಲಗುವ ಮುನ್ನ ನುಂಗಬೇಕು, ಅದಕ್ಕೆ ಮೊದಲು ಜಿಡ್ಡಿನ ಊಟ ಕೂಡದು, ಜಿಡ್ಡಿದ್ದರೆ ಔಷಧಿ ರಕ್ತಕ್ಕೆ ಹೆಚ್ಚಾಗಿ ಸೇರಿ ತಲೆಗೆ ಏರುತ್ತದೆ ಎಂದು ಹೇಳಿ ಕಳಿಸಿದರು. ಅವ್ವನಿಗೆ ರೋಗಕ್ಕಿಂತ ದೊಡ್ಡ ಆಘಾತವಾದದ್ದು ಇದು. ‘ಎಣ್ಣಿ ಇಲ್ಲದ್ದು ಊಟ ಹ್ಯಾಂಗಾಗ್ತೈತಿ, ಅದು ಮೇವು’ ಎಂದು ಗೊಣಗುತ್ತ ನನಗೆ ಸಪ್ಪೆ ಬೇಳೆ ಬಡಿಸಿ, ತಾನು ಎದುರಿಗೇ ಕುಳಿತು ಎಣ್ಣೆಗಾಯಿ ಹೊಡೆಯುತ್ತಿದ್ದಳು.

ಮೊದಲ ಕೆಲವು ವಾರ ನಾನು ಕುಡಿಯದೆ ಕುಡಿದವಳಾಗಿದ್ದೆ. ಬೆಳಿಗ್ಗೆ ಎದ್ದರೆ ನೆಲ ದೋಣಿಯ ಹಾಗೆ ತೂಗುತ್ತಿತ್ತು. ಕನಸುಗಳಂತೂ ಬಣ್ಣಬಣ್ಣದವು, ಗದ್ದಲದವು. ಬಂದರಿನ ಕ್ರೇನೊಂದು ನಮ್ಮ ಮ್ಯಾನೇಜರರನ್ನು ಸೊಂಟದ ಬೆಲ್ಟು ಹಿಡಿದು ಎತ್ತಿ ಕಲ್ಲಿದ್ದಲಿನ ಹಡಗಿಗೆ ಇಳಿಸಿತು. ಅವರು ಇಳಿಯುತ್ತಲೇ ನನ್ನ ರಜೆಯ ಅರ್ಜಿಯನ್ನು ಮಂಜೂರು ಮಾಡುತ್ತಿದ್ದರು. ಮರುದಿನ ಅವರು ಎದುರಿಗೆ ಬಂದಾಗ ನನ್ನ ಕಣ್ಣು ಬೆಲ್ಟಿನ ಕಡೆಗೇ ಹೋಯಿತು. ಹೆದರಬೇಡಿ, ಎಫಾವಿರೆಂಜ್ ಆಟ ಅದು, ಮೈ ಒಗ್ಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಒಗ್ಗಿತು. ನಿಜ ಹೇಳಬೇಕೆಂದರೆ, ಕನಸು ಕಡಿಮೆಯಾದಾಗ ಸ್ವಲ್ಪ ಬೇಸರವೂ ಆಯಿತು.

ಈ ನಡುವೆ ಮಾಜಿ ಗಂಡನಿಗೆ ಫೋನು ಮಾಡುವುದು ಬಾಕಿಯಿತ್ತು. ಮದುವೆಯಲ್ಲಿದ್ದಾಗ ಅವನನ್ನು ‘ರೀ’ ಎನ್ನುತ್ತಿದ್ದೆ. ಡೈವೋರ್ಸ್ ನನಗೆ ಕೊಟ್ಟ ದೊಡ್ಡ ಸ್ವಾತಂತ್ರ್ಯವೆಂದರೆ ಏಕವಚನ. ಅವನು ಹುಬ್ಬಳ್ಳಿಯಲ್ಲಿ ಟ್ರ್ಯಾಕ್ಟರ್ ಬಿಡಿಭಾಗ ಮಾರಿಕೊಂಡಿದ್ದ.

“ರಕ್ತಾ ಟೆಸ್ಟ್ ಮಾಡಸ್ಕೋ. ನನಗ ಎಚ್‌ಐವಿ ಐತಿ,” ಎಂದೆ.

“ನಿನಗೆಲ್ಲಿಂದ ಬಂತೋ ಯಾರಿಗ್ಗೊತ್ತು” ಎಂದು ಫೋನಿಟ್ಟ.

ಸಿಟ್ಟಿನಿಂದ ಮೈ ಉರಿಯಿತು. ಬಯ್ಯಲು ಮತ್ತೆ ಫೋನು ಮಾಡಿದೆ, ಎತ್ತಲಿಲ್ಲ. ಕೆಲವು ವಾರ ಕಳೆದ ಮೇಲೆ ಅವನೇ ಮಾಡಿದ. ಹಲೋ ಕೂಡ ಇಲ್ಲ. “ನಂಗೂ ಐತಿ” ಎಂದ. ಆಮೇಲೆ ಬಹಳ ಸಣ್ಣ ದನಿಯಲ್ಲಿ, “ನಿನಗೂ ಹುಚ್ಚ್ ಹುಚ್ಚ್ ಕನಸ ಬೀಳ್ತಾವೇನು?” ಎಂದು ಕೇಳಿದ.

ಅವನಿಗೂ ಅದೇ ಗುಳಿಗೆ ಶುರುವಾಗಿತ್ತು. ಅವನ ಕನಸಿನಲ್ಲಿ ಟ್ರ್ಯಾಕ್ಟರುಗಳು ಸಾಲಾಗಿ ನಿಂತು ಅವನನ್ನು ವಿಚಾರಣೆ ಮಾಡುತ್ತಿದ್ದವಂತೆ. ನಾನು ನಕ್ಕೆ. ನಗಬಾರದಿತ್ತು, ಆದರೂ ನಕ್ಕೆ. ಆಮೇಲೆ ಆಗಾಗ ಫೋನು ಬರತೊಡಗಿತು. ನೆಲ ತೂಗುತ್ತದೆಯೇ, ಮಸಾಲೆ ದೋಸೆ ತಿನ್ನಬಹುದೇ, ಇವೇ ಪ್ರಶ್ನೆಗಳು. ಅವ್ವ ಅಡಿಗೆಮನೆಯಿಂದಲೇ ಕೂಗುತ್ತಿದ್ದಳು: “ಸಂಸಾರ ಮಾಡ್ರಿ ಅಂದಾಗ ಇಬ್ಬರ ಬಾಯಾಗೂ ಮಾತಿರಲಿಲ್ಲ. ಈಗ ನೋಡು, ಕನಸ ಹೇಳ್ಕೋಳಾಕತ್ತಾರ!”

2016ರಲ್ಲಿ ನನಗೆ ವಿಜಯವಾಡಕ್ಕೆ ವರ್ಗವಾಯಿತು. ಔಷಧಿಯೂ ನನ್ನ ಜೊತೆಗೇ ಅಲ್ಲಿನ ಕೇಂದ್ರಕ್ಕೆ ವರ್ಗವಾಯಿತು. ನಾನು ಆರೋಗ್ಯವಾಗಿದ್ದೆ. ಮೈ ತುಂಬಿಕೊಂಡಿದ್ದೆ ಎನ್ನುವುದಕ್ಕಿಂತ ದಪ್ಪಗಾಗಿದ್ದೆ ಎನ್ನುವುದೇ ಸರಿ. ಶಾಖೆ ಒನ್ ಟೌನ್‌ನಲ್ಲಿ, ಸಗಟು ಅಂಗಡಿಗಳ ಗದ್ದಲದ ನಡುವೆ. ಕೌಂಟರಿಗೆ ಬರುವ ವ್ಯಾಪಾರಿಗಳಿಗೆ ಮೆಣಸಿನಕಾಯಿಯ ಘಾಟು, ನಮಗೆ ಸೀನು. ಅಲ್ಲಿಗೆ ಬಂದು ಹೆಚ್ಚು ದಿನವಾಗಿರಲಿಲ್ಲ, ಹುಬ್ಬಳ್ಳಿಯ ಫೋನು ನಿಂತುಹೋಯಿತು. ಯಾವಳೋ ಸಿಕ್ಕಿರಬೇಕು ಎಂದುಕೊಂಡು ಸುಮ್ಮನಾದೆ.

ಮರುವರ್ಷ ಒಂದು ಭಾನುವಾರ ಬೆಳಿಗ್ಗೆ ಬಾಗಿಲ ಗಂಟೆ ಸದ್ದಾಯಿತು. ಅವ್ವ ತೆಗೆದಳು. ಹೊರಗೆ ನಿಂತಿದ್ದವನು ಅವನೇ, ಆದರೆ ಅರ್ಧದಷ್ಟು. ಅಂಗಿ ಗೂಟಕ್ಕೆ ನೇತುಹಾಕಿದ ಹಾಗೆ ಜೋತುಬಿದ್ದಿತ್ತು. ಒಂದು ಮಾತಿಗೆ ಎರಡು ಸಲ ಕೆಮ್ಮುತ್ತಿದ್ದ. ನಾನು ಒಳಗಿನಿಂದ ಓಡಿ ಬಂದೆ, ಅವ್ವ ಏನು ಮಾಡುತ್ತಾಳೋ ಎಂದು. ಅವ್ವ ಅವನನ್ನು ಮೇಲಿಂದ ಕೆಳಗೆ ನೋಡಿದಳು.

“ಬಾ ಒಳಗ. ಮೊದ್ಲ ಉಣ್ಣು. ಹೊಡೀಬೇಕಂದ್ರ ನಿನ್ನ ಮೈಯಾಗ ಜಾಗಾನ ಇಲ್ಲ.”

ಅವನು ಉಂಡ. ಉಣ್ಣುತ್ತಾ ಕಥೆ ಹೊರಬಂತು. ಆರಾಮವಾಗಿದ್ದೇನೆ, ಇನ್ನು ಗುಳಿಗೆ ಯಾಕೆ ಅನ್ನಿಸಿತಂತೆ. ಮೊದಲು ಒಂದೊಂದು ದಿನ ಬಿಟ್ಟ, ಮತ್ತೆ ಹಿಡಿದ, ಆಮೇಲೆ ವಾರಗಟ್ಟಲೆ ಬಿಟ್ಟ. ಆಸ್ಪತ್ರೆಯಲ್ಲಿ ಈ ಗುಳಿಗೆ ಕೊಡುವ ಸಾಲಿನಲ್ಲಿ ಒಮ್ಮೆ ಸೋದರತ್ತೆಯ ಊರಿನವನೊಬ್ಬ ಕಂಡನೆಂದು ಅಲ್ಲಿಗೆ ಹೋಗುವುದನ್ನೇ ನಿಲ್ಲಿಸಿದ. ನಂತರ ಸಂಜೆ ಜ್ವರ, ಕೆಮ್ಮು. ಊರಿನಲ್ಲಿ ಯಾರಿಗೂ ಹೇಳಲಾಗದೆ ಇಲ್ಲಿಗೆ ಬಂದಿದ್ದ.

“ಆ ಸಾಲಿನಾಗ ಅಂವಾ ಯಾಕ ನಿಂತಿದ್ದ, ಮಜ್ಜಿಗಿ ಕುಡ್ಯಾಕೇನು? ಅವಗೂ ಅದಽ ಇತ್ತಲ್ಲೋ ಮಾರಾಯಾ!” ಎಂದೆ.

ಅವನು ತುತ್ತು ಕೈಯಲ್ಲಿ ಹಿಡಿದುಕೊಂಡೇ ಯೋಚಿಸಿದ. “ಹೌದಲ್ಲ” ಎಂದ. ಅಷ್ಟು ಕಾಲ ಅದು ಅವನಿಗೆ ಹೊಳೆದೇ ಇರಲಿಲ್ಲ.

ಕಫದ ಪರೀಕ್ಷೆಯಲ್ಲಿ ಟಿಬಿ ಬಂತು. ವಿಜಯವಾಡದ ಡಾಕ್ಟರು ಗಡಸು ಹೆಂಗಸು, ನಗುವುದು ಅವರ ಕೆಲಸದ ಭಾಗವಾಗಿರಲಿಲ್ಲ. ಅವನಿಗೆ ಮಾಸ್ಕು ಕೊಟ್ಟು, ನಮ್ಮಿಬ್ಬರನ್ನೂ ಪರೀಕ್ಷಿಸಿ, ಕಿಟಕಿಗಳನ್ನು ತೆರೆದಿಡಿ ಎಂದರು. ಮೊದಲು ಟಿಬಿ ಔಷಧಿ, ಅದಾದ ಸ್ವಲ್ಪ ದಿನಕ್ಕೆ ಹಳೆಯ ಗುಳಿಗೆಯೂ ಮತ್ತೆ ಶುರುವಾಯಿತು. ಬಿಟ್ಟು ಹಿಡಿದು ಮಾಡಿದ್ದರಿಂದ ಏನಾಗಿರಬಹುದೆಂದು ಅವರು ವಿವರಿಸಿದ್ದನ್ನು ನಾನು ಅವ್ವನಿಗೆ ಕನ್ನಡದಲ್ಲಿ ಹೇಳಿದೆ. ಗುಳಿಗೆ ಬಿಟ್ಟಾಗ ಒಳಗಿನ ಮೂರು ಔಷಧಿಗಳೂ ಒಟ್ಟಿಗೆ ಮೈ ಬಿಟ್ಟು ಹೋಗುವುದಿಲ್ಲ. ಎರಡು ಬೇಗ ಹೋಗುತ್ತವೆ, ಎಫಾವಿರೆಂಜ್ ಮಾತ್ರ ಬಹಳ ದಿನ ಉಳಿಯುತ್ತದೆ. ಒಂಟಿಯಾಗಿ ಸಿಕ್ಕ ಅದನ್ನು ದಾಟುವುದು ಹೇಗೆಂದು ವೈರಸ್ಸು ಕಲಿತುಬಿಡುತ್ತದೆ.

“ಅಂದ್ರ ಇಬ್ಬರು ಅತ್ತೇರು ಊರಿಗೆ ಹ್ವಾದ್ರು, ಮನ್ಯಾಗ ಉಳಿದ ಮುದುಕೀನ ಸೊಸಿ ಯಾಮಾರಿಸಿದ್ಲು” ಎಂದಳು ಅವ್ವ. ನಂತರ ಅವನ ಕಡೆ ತಿರುಗಿ, “ಎಲ್ಲಾ ನಿನ್ನ ಕೈಲೇನ ಕಲಿಸಿಕೊಟ್ಟೀಯಪಾ, ಶಾಣ್ಯಾ” ಎಂದಳು.

ಅವನು ನಮ್ಮ ಹೊರಕೋಣೆಯಲ್ಲಿ ಉಳಿದ. ಪಕ್ಕದ ಫ್ಲ್ಯಾಟಿನ ತೆಲುಗು ಆಂಟಿಗೆ ಕುತೂಹಲ. ಯಾರು ಇವರು ಎಂದು ಅವ್ವನನ್ನು ಕೇಳಿದರು. ಅವ್ವನ ತೆಲುಗು ಕಾಲು ಕಿಲೋ ಇತ್ತು. “ಅಲ್ಲುಡು” ಎಂದಳು, ಅಳಿಯ.

“ಓಹೋ! ಅಯಿತೇ ಮೀ ಅಮ್ಮಾಯಿಕಿ ಪೆಳ್ಳಯಿಂದಾ?” ನಿಮ್ಮ ಮಗಳಿಗೆ ಮದುವೆಯಾಗಿದೆಯಾ ಎಂದು ಆಂಟಿ ಕಣ್ಣರಳಿಸಿದರು.

“ಅಯಿಂದಿ. ಪೋಯಿಂದಿ ಕೂಡಾ,” ಎಂದಳು ಅವ್ವ. ಆಯಿತು, ಹೋಯಿತು ಕೂಡ.

ಆಂಟಿ ಆಮೇಲೆ ಏನನ್ನೂ ಕೇಳಲಿಲ್ಲ, ದಿನಾ ಒಂದೊಂದು ಬಟ್ಟಲು ಬೇಳೆಯ ಪಪ್ಪು ಮಾತ್ರ ಕಳಿಸುತ್ತಿದ್ದರು.

ಟಿಬಿ ವಾಸಿಯಾಯಿತು, ತೂಕ ಏರಿತು, ಸೊಕ್ಕೂ ಸ್ವಲ್ಪ ಮರಳಿತು. ಆದರೆ 2018ರಲ್ಲಿ ರಕ್ತದಲ್ಲಿ ವೈರಸ್ಸು ಎಷ್ಟಿದೆ ಎಂದು ಅಳೆಯುವ ಪರೀಕ್ಷೆ ಮಾಡಿಸಿದಾಗ, ನನ್ನಲ್ಲಿ ಅದು ಕಾಣಿಸಲೇ ಇಲ್ಲ, ಅವನಲ್ಲಿ ಜಾತ್ರೆಯೇ ನೆರೆದಿತ್ತು. ಇಬ್ಬರ ಮೈಗೂ ಒಂದೇ ಗುಳಿಗೆ ಬಿದ್ದಿತ್ತು. ಅವನು ಆ ಫಲಿತಾಂಶ ಕೇಳಿ ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತುಬಿಟ್ಟ. ನನ್ನ ಫಲಿತಾಂಶದ ಖುಷಿಯನ್ನು ಅವನ ಪಕ್ಕದಲ್ಲಿ ಕುಳಿತು ಹೇಗೆ ಪಡಬೇಕೆಂದು ನನಗೆ ತಿಳಿಯಲಿಲ್ಲ.

“ನನ್ನಿಂದ ನಿನಗ ಬಂತು. ನೀ ನೆಟ್ಟಗ ಅದೀ. ನಾ ಹೋಗ್ತೀನಿ ಅನಸ್ತೈತಿ,” ಎಂದ.

ಅಷ್ಟು ವರ್ಷಗಳಲ್ಲಿ ‘ನನ್ನಿಂದ’ ಎಂಬ ಮಾತು ಅವನ ಬಾಯಿಂದ ಬಂದದ್ದು ಅದೇ ಮೊದಲು. ಅದಕ್ಕಾಗಿ ನಾನು ಎಷ್ಟೊಂದು ಬೈಗುಳ ಕೂಡಿಟ್ಟಿದ್ದೆ. ಒಂದೂ ನೆನಪಾಗಲಿಲ್ಲ.

“ಎಲ್ಲಿಗೂ ಹೋಗಂಗಿಲ್ಲ ನೀನು. ಈ ಗುಳಿಗಿ ನಾಟದವರಿಗೆ ಎರಡನೇ ಸಾಲಿನ ಔಷಧ ಅದಾವಂತ. ಏಳು,” ಎಂದೆ.

ಔಷಧಿ ಬದಲಾಯಿತು. ಹೊಸದರಲ್ಲಿ ವೈರಸ್ಸನ್ನು ಬೇರೆಯೇ ಜಾಗದಲ್ಲಿ ತಡೆಯುವ ಅಟಜಾನವಿರ್ ಇತ್ತು, ಅದಕ್ಕೆ ಬೆನ್ನಾಸರೆಯಾಗಿ ಇನ್ನೊಂದು, ಜೊತೆಗೆ ಬೇರೆ ಎರಡು. ಗುಳಿಗೆಗಳ ಸಂಖ್ಯೆ ಹೆಚ್ಚಿತು. ಕೆಲವೇ ವಾರಗಳಲ್ಲಿ ಅವನ ಕಣ್ಣು ನಿಂಬೆಹಣ್ಣಿನ ಬಣ್ಣಕ್ಕೆ ತಿರುಗಿತು. ಅವ್ವ ಕಾಮಾಲೆ ಎಂದು ನೆಲನೆಲ್ಲಿ ಸೊಪ್ಪು ಹುಡುಕಲು ಹೊರಟಳು. ಡಾಕ್ಟರು ಪರೀಕ್ಷೆ ಮಾಡಿಸಿ, ಇದು ಅಟಜಾನವಿರ್ ಕೊಡುವ ಬಣ್ಣ, ಯಕೃತ್ತಿಗೇನೂ ಆಗಿಲ್ಲ, ಯಾವ ಸೊಪ್ಪನ್ನೂ ಅರೆದು ಕುಡಿಸಬೇಡಿ ಎಂದು ಅವ್ವನನ್ನೇ ನೋಡಿ ಹೇಳಿದರು. ಅವನು ಕಪ್ಪು ಕನ್ನಡಕ ಕೊಂಡ. ಬಿಡಿಭಾಗದ ಅಂಗಡಿಯೊಂದರಲ್ಲಿ ಕೆಲಸ ಹಿಡಿದು, ಹತ್ತಿರದಲ್ಲೇ ಕೋಣೆ ಮಾಡಿಕೊಂಡ. ಅಂಗಡಿಯವರು ಅವನನ್ನು ‘ಹೀರೋ’ ಎಂದು ಕರೆಯತೊಡಗಿದರು.

ಮುಂದಿನ ಪರೀಕ್ಷೆಯಲ್ಲಿ ಅವನ ಜಾತ್ರೆಯೂ ಚದುರಿತ್ತು. ಆ ಸಂಜೆ ಕೃಷ್ಣಾ ನದಿಯ ದಂಡೆಯಲ್ಲಿ ಜೋಳದ ತೆನೆ ತಿನ್ನುತ್ತಾ, ಕನ್ನಡಕ ತೆಗೆದು, ಹಳದಿ ಕಣ್ಣುಗಳಿಂದ ನನ್ನನ್ನು ನೋಡಿ, “ಮತ್ತ ಮದುವಿ ಆಗೋಣೇನು?” ಎಂದ.

ಒಂದು ಕ್ಷಣ ನನಗೆ ಆಸೆಯಾಗಲಿಲ್ಲ ಎಂದರೆ ಸುಳ್ಳು. ಜೊತೆ ಯಾರಿಗೆ ಬೇಡ? ಆದರೆ ನನಗೆ ಬೇಕಾದ ಜೊತೆ ಅವನಲ್ಲ ಎಂಬುದು ನನಗೆ ಮೊದಲ ಮದುವೆಯಲ್ಲೇ ಸಾಬೀತಾಗಿತ್ತು.

“ಎರಡನೇ ಸಾಲಿನ ಔಷಧ ಸಿಕ್ಕೈತಿ ನಿನಗ. ಎರಡನೇ ಸಲ ಹೆಂಡ್ತಿ ಸಿಗಂಗಿಲ್ಲ, ತಿನ್ನು,” ಎಂದೆ.

ಅವನು ಮುನಿಸಿಕೊಳ್ಳುತ್ತಾನೆಂದುಕೊಂಡೆ. ಸ್ವಲ್ಪ ಹೊತ್ತು ತೆನೆ ಕಡಿದು, “ನಂಗೂ ಹಂಗನ ಅನಸಿತ್ತು. ಕೇಳದಿದ್ರ ನಿನಗ ಬ್ಯಾಸರಾದೀತಂತ ಕೇಳಿದೆ” ಎಂದ. ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಮದುವೆಯಾಗಿದ್ದಷ್ಟು ಕಾಲ ಒಮ್ಮೆಯೂ ಹಾಗೆ ನಕ್ಕಿರಲಿಲ್ಲ.

ಔಷಧಿ ಕೊಡುವ ಸಾಲಿನಲ್ಲೇ ಅವನಿಗೆ ಹತ್ತಿರದ ಮಂಗಳಗಿರಿಯ ಒಬ್ಬಾಕೆ ಪರಿಚಯವಾದಳು. ಮಗ್ಗದ ಮನೆಯವಳು, ಗಂಡ ಇದೇ ರೋಗದಿಂದ ಔಷಧಿ ಸಿಗುವ ಮುನ್ನವೇ ಹೋಗಿದ್ದ. ಕನ್ನಡದ ಒಂದಕ್ಷರ ಬಾರದ ಅವಳಿಗೆ ಇವನ ಹರಕು ತೆಲುಗು ಕೇಳಿದರೆ ನಗು. ಇವನು ಗುಳಿಗೆ ಮರೆತರೆ ಅಂಗಡಿಗೇ ಫೋನು ಮಾಡಿ ಬೈಯುತ್ತಿದ್ದಳು. ಇಬ್ಬರ ರಕ್ತದಲ್ಲೂ ವೈರಸ್ಸು ಪರೀಕ್ಷೆಗೆ ಕಾಣದಷ್ಟು ಅಡಗಿತ್ತು. ಡಾಕ್ಟರು ಹೇಳಬೇಕಾದ ಎಚ್ಚರಿಕೆಗಳನ್ನೆಲ್ಲ ಹೇಳಿ, ಕೊನೆಗೆ, ನಾನು ಕಂಡಂತೆ ಮೊದಲ ಬಾರಿ, ನಕ್ಕು ಕಳಿಸಿದರು.

2019ರಲ್ಲಿ ಮಂಗಳಗಿರಿಯಲ್ಲಿ, ಅವಳ ಮನೆಯ ಅಂಗಳದಲ್ಲೇ ಮದುವೆ. ಹುಬ್ಬಳ್ಳಿಯಿಂದ ಯಾರೂ ಬರಲಿಲ್ಲ. ಅವ್ವ ಗಂಡಿನ ತಾಯಿಯ ಜಾಗದಲ್ಲಿ ಕುಳಿತು, ತಾಂಬೂಲವನ್ನು ಗತ್ತಿನಿಂದ ತೆಗೆದುಕೊಂಡಳು. ಅಕ್ಷತೆ ಹಾಕುವಾಗ ಮದುಮಗನ ಕಿವಿ ಹಿಡಿದು, “ಗುಳಿಗಿ ತಪ್ಪಿಸಿದೀ ಅಂದ್ರ ಈ ಸಲ ನಾನಽ ಮಂಗಳಗಿರಿಗಿ ಬರ್ತೀನಿ, ಹತ್ತರನ ಐತಿ” ಎಂದಳು.

ಊಟದ ಸಾಲಿನಲ್ಲಿ ಬಡಿಸುತ್ತಿದ್ದ ಹೆಣ್ಣಿನ ಸೋದರತ್ತೆ ನನ್ನ ಎದುರಿಗೆ ನಿಂತು, ನೀವು ಯಾರ ಕಡೆಯವರು ಎಂದು ತೆಲುಗಿನಲ್ಲಿ ಕೇಳಿದರು. ಗಂಡಿನ ಕಡೆ ಎಂದೆ. ಏನಾಗಬೇಕು ಎಂದರು.

“ಮೊದಟಿ ಪೆಳ್ಳಾನ್ನಿ,” ಎಂದೆ. ಮೊದಲನೇ ಹೆಂಡತಿ.

ಅವರು ಅದನ್ನು ದೊಡ್ಡ ಹಾಸ್ಯವೆಂದು ತಿಳಿದು, ಹೊಟ್ಟೆ ಹಿಡಿದುಕೊಂಡು ನಕ್ಕು, ನನ್ನ ಎಲೆಗೆ ಇನ್ನೂ ಎರಡು ಬೊಬ್ಬಟ್ಲು, ಅಂದರೆ ಹೋಳಿಗೆ, ಹಾಕಿ, ತುಪ್ಪ ಸುರಿದು ಮುಂದಕ್ಕೆ ಹೋದರು.